ಸಂಗಯ್ಯನ ಮೇಲ್ಮನವಿ

ತುಂಗಭದ್ರೆಯ ದಂಡೆಯ ಸಣ್ಣ ಮಠವೊಂದರಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಸಂಗಯ್ಯ ಬುದ್ಧಿವಂತ. ಬಾಯಿಗೆ ಮಾತ್ರ ಬೀಗವಿರಲಿಲ್ಲ.

ಒಂದು ದಿನ ಅವನು ದಂಡೆಯಲ್ಲಿ ನೆರೆದವರ ಎದುರು, "ಈ ಅಂಬಿಗ ದುರುಗಪ್ಪ ಕುಡಿದು ಹರಿಗೋಲು ಹಾಕ್ತಾನ. ಒಂದಿನ ಎಲ್ಲಾರನ್ನೂ ಮುಳುಗಸ್ತಾನ," ಎಂದುಬಿಟ್ಟ.

ಜನ ನಂಬಿದರು. ಮಠದ ಶಿಷ್ಯನ ಮಾತಲ್ಲವೇ! ಅಂದಿನಿಂದ ದುರುಗಪ್ಪನ ಹರಿಗೋಲು ಹತ್ತುವವರೇ ಇಲ್ಲ. ಎಲ್ಲರೂ ದೂರದ ಸೇತುವೆ ಸುತ್ತಿಕೊಂಡು ಹೋಗತೊಡಗಿದರು.

ದುರುಗಪ್ಪ ಗುರುಗಳ ಬಳಿ ಬಂದು ಅತ್ತ. "ನನ್ನ ಹೆಸರು ಹೋತ್ರಿ, ಅಜ್ಜಾರ."

ಗುರುಗಳು ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಟ್ಟರು. ಸಂಗಯ್ಯ ಅದೇ ದಂಡೆಯಲ್ಲಿ, ಅದೇ ಜನರ ಎದುರು, ತಾನು ಆಡಿದ್ದು ಸುಳ್ಳೆಂದು ಹೇಳಬೇಕು.

ಸಂಗಯ್ಯನಿಗೆ ಅವಮಾನವಾಯಿತು. ತೀರ್ಪು ಒಪ್ಪದವರು ಆಚೆ ದಡದ ದೊಡ್ಡ ಮಠಕ್ಕೆ ಮೇಲ್ಮನವಿ ಒಯ್ಯಬಹುದಿತ್ತು. ಆದರೆ ಏಳು ದಿನದೊಳಗೆ ಒಯ್ಯಬೇಕು, ಅದಕ್ಕೆ ತೀರ್ಪು ಕೊಟ್ಟವರೇ ಅಪ್ಪಣೆ ಕೊಡಬೇಕು. ಆರು ದಿನ ಮುಖ ತಪ್ಪಿಸಿಕೊಂಡು ತಿರುಗಿದವನು ಏಳನೆಯ ದಿನ ಮಧ್ಯಾಹ್ನ ಗುರುಗಳ ಮುಂದೆ ಬಂದು ನಿಂತ.

"ಅಜ್ಜಾರ, ದೊಡ್ಡ ಮಠಕ್ಕ ಹೋಗ್ತೀನ್ರಿ. ಅಪ್ಪಣೆ ಕೊಡ್ರಿ."

"ನನ್ನ ತೀರ್ಪಿನಾಗ ಏನು ತಪ್ಪೈತಿ?"

"ಅವನ ಕಣ್ಣು ಕೆಂಪಗಿದ್ದವು ಅಂದೆ. ನೀವು ಕಿವಿಗೆ ಹಾಕ್ಕೊಳ್ಳಲಿಲ್ಲ."

"ಹಾಕ್ಕೊಂಡೀನಿ. ದಿನಾ ಬಿಸಿಲಾಗ ನೀರು ನೋಡೋರ ಕಣ್ಣು ಕೆಂಪಗೇ ಇರತಾವ."

"ಹೆಜ್ಜಿ ತೂರಾಡತಿದ್ದವು ಅಂದೆ."

"ಅದನ್ನೂ ಕೇಳೀನಿ. ಹರಿಗೋಲಿನಿಂದ ಇಳಿದಾಗ ನಂದೂ ತೂರಾಡತಾವ."

ಸಂಗಯ್ಯನ ಮುಖ ಬಾಡಿತು. "ಹಂಗಾದ್ರ ಅಪ್ಪಣೆ ಇಲ್ಲೇನ್ರಿ?"

"ಕೊಟ್ಟೀನಿ. ಹೋಗಿ ಬಾ."

ಇಷ್ಟು ಸಲೀಸಾಗಿ ಸಿಗುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಕಾಲಿಗೆ ಬಿದ್ದು, ಜೋಳಿಗೆ ಹೆಗಲಿಗೇರಿಸಿ ಹೊರಟ. ಸೇತುವೆ ಸುತ್ತಿ ಹೋದರೆ ಇವತ್ತು ಮುಟ್ಟುವ ಹಾಗಿರಲಿಲ್ಲ. ನೇರ ನದಿಯತ್ತ ನಡೆದ. ಗುರುಗಳೂ ಹಿಂದೆಯೇ ಬಂದರು.

ಹೊಳೆ ತುಂಬಿ ಹರಿಯುತ್ತಿತ್ತು. ದೂರದಲ್ಲಿ ದುರುಗಪ್ಪ ಖಾಲಿ ಹರಿಗೋಲಿನ ಪಕ್ಕ ಒಬ್ಬನೇ ಕುಳಿತಿದ್ದ.

"ಸಂಗಯ್ಯ, ಇಂಥಾ ಹೊಳಿಯಾಗ ಆ ಕುಡುಕನ ಹರಿಗೋಲು ಹತ್ತತೀಯೇನು?" ಎಂದರು ಗುರುಗಳು.

"ದುರುಗಪ್ಪ ಕುಡಿಯಂಗಿಲ್ಲ ಬಿಡ್ರಿ. ಅವ ಹುಟ್ಟು ಹಿಡಿದ್ರ ನನಗೇನೂ ಅಂಜಿಕಿಲ್ಲ."

ಹೇಳಿದ ಮೇಲೆ ತಾನು ಏನಂದೆನೆಂದು ಸಂಗಯ್ಯನಿಗೆ ಹೊಳೆಯಿತು. ತಲೆ ತಗ್ಗಿಸಿದ. ಹೆಗಲ ಮೇಲಿನ ಜೋಳಿಗೆ ಕೆಳಗಿಳಿಸಿದ.

"ಅವತ್ತು ನಾ ಕೂಗಿದ್ರೂ ಅವ ಹರಿಗೋಲು ನಿಲ್ಲಸಲಿಲ್ರಿ, ಅಜ್ಜಾರ. ಜನರ ಮುಂದ ನನ್ನ ಬಿಟ್ಟು ಹೋದ. ಸಿಟ್ಟು ಬಂತು, ಅಂದುಬಿಟ್ಟೆ. ನನಗ ಅಪ್ಪಣೆ ಬ್ಯಾಡ್ರಿ. ವಾಪಸ್ ತಗೊಳ್ರಿ."

"ಕೊಟ್ಟದ್ದು ನಾ ವಾಪಸ್ ತಗೊಳ್ಳಂಗಿಲ್ಲ." ಗುರುಗಳು ದುರುಗಪ್ಪನ ಕಡೆ ಕೈ ತೋರಿಸಿದರು. "ಹೋಗು, ನಿನ್ನ ಮನವಿ ಅವನ ಮುಂದ ಕುಂತು ಹೇಳ್ಕೋ. ಅವ ಕೊಡೋ ತೀರ್ಪಿನ ಮ್ಯಾಲೆ ಮತ್ತ ಮನವಿ ಇಲ್ಲ."