ಎಲಚಿ ಮರಕ್ಕೆ ಬಂದ ವಿಭೂತಿ

ಒಂದು ಕುರುಚಲು ಕಾಡಿನಲ್ಲಿ, ಬಂಡೆಗಳ ನಡುವೆ, ಮೈತುಂಬ ಎಲೆ ಹೊತ್ತ ಎಲಚಿ ಮರ ಒಂದಿತ್ತು. ಅದರ ಕೊಂಬೆಯಲ್ಲಿ ಗೀರವ್ವ ಅನ್ನೋ ಅಳಿಲು ಗೂಡು ಕಟ್ಟಿ ಮೂರು ಮರಿ ಹಾಕಿದ್ದಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮೇಲೆ ಆಕಾಶದಲ್ಲಿ ಗಿಡುಗ ದಿನವೂ ಸುತ್ತು ಹಾಕುತ್ತಿತ್ತು. ಎಲೆಯ ಮರೆಯಲ್ಲಿದ್ದ ಗೂಡು ಅದರ ಕಣ್ಣಿಗೆ ಬಿದ್ದಿರಲಿಲ್ಲ. ಗೀರವ್ವನ ಮನೆಗೆ ಎಲೆಯೇ ಬಾಗಿಲು, ಎಲೆಯೇ ಚಿಲಕ.

ಚಳಿ ಶುರುವಾದ ಹೊಸದರಲ್ಲಿ ಒಂದು ಬೆಳಗ್ಗೆ ನೋಡುತ್ತಾಳೆ, ಗೂಡಿನ ಪಕ್ಕದ ಎಳೆ ಎಲೆಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳನೆ ಪುಡಿ! ಮುಟ್ಟಿದರೆ ಕೈಗೆ ಹತ್ತಿತು. ಅವಳ ಎದೆ ಡವಡವ ಅಂತು.

ಅಷ್ಟರಲ್ಲಿ ಮರದಡಿಗೆ ಜಂಬಯ್ಯ ಅನ್ನೋ ನರಿ ಬಂದ. ಅವನಿಗೆ ಎಲಚಿ ಹಣ್ಣು ಅಂದರೆ ಪ್ರಾಣ. ಮರ ಹತ್ತೋಕೆ ಮಾತ್ರ ಬಾರದು.

“ಹೆದರಬೇಡ ತಂಗಿ! ಇದು ವಿಭೂತಿ. ಕಾಡುದೇವರು ನಿನ್ನ ಮರಕ್ಕೆ ಒಲಿದಿದ್ದಾನೆ. ಒಂದೆಲೆ ಕೀಳಬೇಡ, ಒರೆಸಲೂಬೇಡ. ದಿನಾ ಒಂದು ಬೊಗಸೆ ಹಣ್ಣು ಉದುರಿಸು. ನೈವೇದ್ಯ ನಾನು ಮುಟ್ಟಿಸ್ತೀನಿ.”

“ಎಲ್ಲಿಗೆ ಮುಟ್ಟಿಸ್ತೀಯಣ್ಣ?”

“ದೇವರಿಗೆ! ಇನ್ನೆಲ್ಲಿಗೆ?” ಅಂದು ಜಂಬಯ್ಯ ತುಟಿ ನೆಕ್ಕಿಕೊಂಡ.

ಅವಳು ನಂಬಲಿ ಅಂತ, ಪುಡಿ ಹತ್ತಿ ಆಗಲೇ ಉದುರಿದ್ದ ನಾಲ್ಕಾರು ಎಲೆಗಳ ಮೇಲೆ ಹೊರಳಾಡಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡ. ಅದೇ ವೇಷದಲ್ಲಿ ಮನೆಗೆ ಹೋದ. ಅವನ ಗುಹೆಯ ಬಾಯಿಗೂ ದಟ್ಟವಾದ ಒಂದು ಎಲಚಿ ಪೊದೆ. ಅದರ ಮರೆ ಇದ್ದದ್ದರಿಂದಲೇ ಕುರುಬರ ನಾಯಿಗಳಿಗೆ ಅವನ ಮನೆ ಗೊತ್ತಿರಲಿಲ್ಲ. ದಿನವೂ ಹೀಗೇ ಮೈ ಬೆಳ್ಳಗೆ ಮಾಡಿಕೊಂಡು, ಆ ಪೊದೆಗೆ ಉಜ್ಜಿಕೊಂಡೇ ಒಳಗೆ ನುಸುಳುತ್ತಿದ್ದ.

ಇತ್ತ ಗೀರವ್ವನ ಮರದಲ್ಲಿ ಎಲೆ ಮುದುರಿತು, ಕಂದಿತು, ಉದುರಿತು. “ಭಕ್ತಿ ಸಾಲದು, ಇನ್ನೊಂದು ಬೊಗಸೆ ಹಾಕು” ಅಂದ ಜಂಬಯ್ಯ. ಹಾಕಿದಳು. ಮತ್ತೂ ಉದುರಿತು. ಗೂಡಿನ ಮೇಲೆ ಅಂಗೈಯಗಲ ಆಕಾಶ ಕಂಡಿತು. ಗಿಡುಗ ಮೊದಲಿಗಿಂತ ಕೆಳಗೆ ಹಾರುತ್ತಿತ್ತು. ನಾಳೆ ಇದು ಮೊರದಗಲ ಆದರೆ? ಗೀರವ್ವನಿಗೆ ಅನ್ನ ನೀರು ಸೇರಲಿಲ್ಲ.

ಬೇರಿನ ಬುಡದ ಬಿಲದಲ್ಲಿ ಮುಳ್ಳಜ್ಜ ಅನ್ನೋ ಮುದಿ ಮುಳ್ಳುಹಂದಿ ಇದ್ದ. ಗೀರವ್ವ ಅವನ ಹತ್ತಿರ ಅತ್ತಳು.

“ಅತ್ತರೆ ಎಲೆ ಚಿಗುರುತ್ತಾ? ಹೋಗು, ಒಂದೆಲೆ ಒರೆಸು. ನಾಲ್ಕನೇ ದಿನ ಬಂದು ಹೇಳು,” ಅಂದ ಅಜ್ಜ.

ಒರೆಸಿದಳು. ದೇವರು ಮುನಿದರೆ ಅಂತ ಒಂದು ಭಯ, ಗಿಡುಗ ಎರಗಿದರೆ ಅಂತ ಇನ್ನೊಂದು ಭಯ. ನಾಲ್ಕನೇ ದಿನ ಓಡಿಬಂದಳು.

“ಅಜ್ಜಾ, ಮತ್ತೆ ಬಂದಿದೆ! ಮೊದಲಿಗಿಂತ ಅಗಲ!”

“ಕಾಡುಕಿಚ್ಚಿನ ಬೂದಿ ನೋಡಿದ್ದೀಯಲ್ಲ, ಅದು ಬೆಳೆಯುತ್ತಾ?”

“ಇಲ್ಲಜ್ಜ.”

“ಮತ್ತೆ ವಿಭೂತಿ ಹೇಗೆ ಬೆಳೆಯುತ್ತೆ, ಹುಚ್ಚಿ? ಇದು ಬೂದಿ ರೋಗ. ರೊಟ್ಟಿಗೆ ಹಿಡಿಯೋ ಬೂಷ್ಟಿನ ಜಾತಿ. ಗಾಳಿಯಲ್ಲಿ ಹಾರುತ್ತೆ, ಮೈಗೆ ಅಂಟಿಕೊಂಡೂ ಹೋಗುತ್ತೆ. ರೋಗ ಹತ್ತಿದ ರೆಂಬೆ ಕಡಿ. ಬಿದ್ದ ಎಲೆ ನಾನು ಗುಂಡಿ ತೋಡಿ ಹೂಳ್ತೀನಿ. ಕೊಂಬೆಗಳ ಸಂದಿಗೆ ಗಾಳಿ ಬೆಳಕು ಆಡಬೇಕು.”

“ನನ್ನ ಗೂಡಿಗೆ ಮರೆಯಾಗಿರೋ ರೆಂಬೆಗೇ ಜಾಸ್ತಿ ಹತ್ತಿದೆ, ಅಜ್ಜಾ.”

ಮುಳ್ಳಜ್ಜ ಕತ್ತೆತ್ತಿ ಗೂಡಿನ ಕಡೆ ನೋಡಿದ. “ಹಾಗಾದರೆ ಅದನ್ನೇ ಮೊದಲು ಕಡಿಬೇಕು. ಮರಿಗಳನ್ನ ನನ್ನ ಬಿಲಕ್ಕೆ ತಾ.”

ಗೀರವ್ವ ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ತಂದಳು. ಎರಡನೆಯದನ್ನು ತಂದಳು. ಮೂರನೆಯದನ್ನು ಎತ್ತಿಕೊಂಡು ಅರ್ಧ ಇಳಿದಿದ್ದಳು, ಕಾಂಡದ ಮೇಲೆ ನೆರಳು ಸರಿಯಿತು. ಗಿಡುಗ! ಕಣ್ಣುಮುಚ್ಚಿ ಕೆಳಕ್ಕೆ ಹಾರಿದಳು. ಮುಳ್ಳಜ್ಜ ಝಲ್ಲನೆ ಮುಳ್ಳು ಕೆದರಿ ಅಡ್ಡ ನಿಂತ. ಗಿಡುಗ ಒಂದು ಗರಿ ಉದುರಿಸಿ ಮೇಲಕ್ಕೆ ಹೋಯಿತು.

ಆಮೇಲೆ ಗೀರವ್ವ ಮತ್ತೆ ಮರ ಹತ್ತಿ, ತನ್ನ ಬಾಗಿಲನ್ನು ತಾನೇ ಕಡಿದಳು. ಕಟಕಟ ಕಟಕಟ. ಮುಳ್ಳಜ್ಜ ಹೂಳುತ್ತಾ ಬಂದ.

ಜಂಬಯ್ಯ ಹಣ್ಣಿಗೆ ಬಂದವನು ಕೂಗಾಡಿದ. “ಪಾಪಿ! ದೇವರ ವಿಭೂತಿ ಕಡಿದೆಯಾ!”

“ನಿನ್ನ ವಿಭೂತಿಗೆ ಬೇರು ಬಿಟ್ಟಿತ್ತು ಜಂಬಣ್ಣ,” ಅಂದಳು ಗೀರವ್ವ. “ದಿನಾ ಮೈಗೆ ಬಳಿದುಕೊಂಡು ಹೋದೆಯಲ್ಲ, ನಿನ್ನ ಬಾಗಿಲಿಗೂ ದೇವರು ಒಲಿದಿರಬೇಕು. ಹೋಗಿ ನೋಡು.”

ನರಿಯ ಮುಖ ಸಪ್ಪಗಾಯಿತು. ಕೆಲವು ದಿನದಿಂದ ಪೊದೆ ಬೆಳ್ಳಗಾಗಿದ್ದು, ಎಲೆ ಉದುರುತ್ತಿದ್ದದ್ದು ಅವನ ಕಣ್ಣಿಗೂ ಬಿದ್ದಿತ್ತು. ತನ್ನ ಸುಳ್ಳನ್ನು ತಾನೇ ನಂಬಿ ಸುಮ್ಮನಿದ್ದ! ಎದ್ದೆನೋ ಬಿದ್ದೆನೋ ಅಂತ ಓಡಿದ. ಹೋಗಿ ನೋಡಿದರೆ ಪೊದೆಯಲ್ಲಿ ಬರೀ ಮುಳ್ಳು. ಗುಹೆ ಬಾಯಿ ತೆರೆದುಕೊಂಡು ನಿಂತಿತ್ತು, ಅದರ ಮುಂದೆ ಕುರುಬರ ನಾಯಿಗಳೂ ನಿಂತಿದ್ದವು. ಬೆಳ್ಳಗೆ ಹೊಳೆಯುವ ನರಿಗೆ ಅಡಗೋಕೆ ಜಾಗವೆಲ್ಲಿ? ನಾಯಿಗಳು ಗುಡ್ಡ ದಾಟಿಸಿ ಅಟ್ಟಿದವು. ಬಾಲದ ತುದಿ ಮಾತ್ರ ಅಲ್ಲೇ ಉಳಿಯಿತು.

ಎಲಚಿ ಮರ ನಿಧಾನವಾಗಿ ಚಿಗುರಿತು. ಬಿಲದಲ್ಲಿ ಮರಿಗಳು ಕಣ್ಣು ಬಿಟ್ಟವು. ಆದರೂ ಗೀರವ್ವ ದಿನಾ ಬೆಳಗ್ಗೆ ಎದ್ದ ತಕ್ಷಣ ಒಂದೊಂದೇ ಎಲೆ ತಿರುಗಿಸಿ ನೋಡೋದನ್ನು ಬಿಡಲಿಲ್ಲ.

ನೀತಿ: ರೋಗಕ್ಕೆ ದೇವರ ಹೆಸರಿಟ್ಟು ಕೈಕಟ್ಟಿ ಕೂರಬಾರದು. ಒರೆಸಿ ಪರೀಕ್ಷಿಸಬೇಕು, ಕೆಟ್ಟದ್ದನ್ನು ಹರಡುವ ಮುನ್ನವೇ ಕಡಿಯಬೇಕು. ಇನ್ನೊಬ್ಬರ ಮನೆಯ ರೋಗದಲ್ಲಿ ಹೊಟ್ಟೆ ಹೊರೆಯುವವನ ಮನೆಗೂ ಆ ರೋಗ ಬಾರದೆ ಬಿಡದು.