ಸುತ್ತಿಗೆ ಕಂಡರೆ ಕೊಂಡುಬಿಡು

ತುಮಕೂರಲ್ಲಿ ಒಬ್ಬಳು ಅಮ್ಮ, ಅವಳಿಗೊಬ್ಬಳು ಪೆದ್ದು ಮಗಳು. ಅಮ್ಮ ಚಕ್ಕುಲಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಪೆದ್ದು ಮಗಳು ನಾನು.

ಹಿಟ್ಟು ಕಲಸಿ ಕಲಸಿ ಅಮ್ಮನ ಮಣಿಕಟ್ಟು ಊದಿತ್ತು. ಕಲಸುವ ಮಷೀನಿಗೆ ಹದಿನಾಲ್ಕು ಸಾವಿರ. ಅದನ್ನು ಷೇರಲ್ಲೇ ದುಡಿಯುತ್ತೇನೆ ಅಂತ ಅಮ್ಮ ಷೇರಿನ ಬೆಲೆ ತೋರಿಸುವ ಜಪಾನಿನವರ ಮೇಣದ ಬತ್ತಿ ಚಾರ್ಟು ಓದಲು ಕಲಿತಳು. ದಿನಕ್ಕೊಂದು ಬತ್ತಿ, ಬೆಲೆ ಏರಿದರೆ ಹಸಿರು, ಇಳಿದರೆ ಕೆಂಪು. ಅಮ್ಮನ ಕೈತುಂಬ ಹಿಟ್ಟು, ಫೋನು ಒತ್ತುವ ಕೆಲಸ ನನ್ನದು.

"ಮೈಥಿಲಿ, ಈ ಟೈಲ್ಸ್ ಕಂಪನಿ ಷೇರು ಇಳೀತಾನೇ ಇದೆ. ಮೇಲೆ ಪುಟ್ಟ ತಲೆ, ಕೆಳಗೆ ಉದ್ದ ಬಾಲ, ಸುತ್ತಿಗೆ ಥರ ಬತ್ತಿ ಬಂದರೆ ಕೊಂಡುಬಿಡು. ಅಲ್ಲಿಂದ ಏರುತ್ತೆ."

"ಸರಿಯಮ್ಮ."

ಬೆಳಿಗ್ಗೆ ಹತ್ತಕ್ಕೆ ಸುತ್ತಿಗೆ ಬಂತು. ಕೊಂಡುಬಿಟ್ಟೆ. ಮಧ್ಯಾಹ್ನಕ್ಕೆ ತಲೆ ಊದಿತು, ಬಾಲ ಸವೆಯಿತು. ಮೂರೂವರೆಗೆ ಮಾರ್ಕೆಟ್ ಮುಚ್ಚಿದಾಗ ಅದೊಂದು ಉದ್ದನೆಯ ಕೆಂಪು ಇಟ್ಟಿಗೆ.

"ಪೆದ್ದಿ, ಹತ್ತು ಗಂಟೆಗೆ ಅದಿನ್ನೂ ಅರೆಬೆಂದ ಅನ್ನ ಕಣೇ. ದಿನ ಮುಗಿಯೋ ತನಕ ಕೈ ಹಾಕಬಾರದು."

"ಸರಿಯಮ್ಮ."

ಹದಿನೈದು ದಿನಕ್ಕೆ ಷೇರು ಚೇತರಿಸಿಕೊಂಡಿತು. "ಇನ್ನೂರ ನಲವತ್ತು ಮುಟ್ಟಿದರೆ ಮಾರು" ಅಂದು ಅಮ್ಮ ಚಕ್ಕುಲಿ ಕೊಡಲು ಹೋದಳು. ಹನ್ನೆರಡಕ್ಕೆ ಮುಟ್ಟಿತು. ನಾನು ಕೈ ಹಾಕಲಿಲ್ಲ. ದಿನ ಮುಗಿಯಲಿ ಅಂತ ಕೂತೆ. ದಿನ ಮುಗಿಯಿತು, ಮಾರುವ ಗುಂಡಿ ಒತ್ತಿದೆ. ಮಾರ್ಕೆಟ್ಟೂ ಮುಗಿದಿತ್ತು. ಬೆಲೆ ಇನ್ನೂರ ಹತ್ತಕ್ಕೆ ಇಳಿದು ಕೂತಿತ್ತು.

"ಅಯ್ಯೋ ನನ್ನ ಕರ್ಮವೇ, ಅದು ಕೊಳ್ಳೋಕೆ ಹೇಳಿದ್ದು! ಕೈಲಿರೋದಕ್ಕೆ ಕೊಂಡದ್ದಕ್ಕಿಂತ ಒಳ್ಳೆ ಬೆಲೆ ಬಂತಾ, ಆ ಕ್ಷಣವೇ ಕೊಟ್ಟುಬಿಡು. ಯಾರನ್ನೂ ಕೇಳಬೇಡ, ನನ್ನನ್ನೂ ಕೇಳಬೇಡ."

"ಸರಿಯಮ್ಮ."

ಮುಂದಿನ ವಾರ ಷೇರು ಒಂದೇ ಜಿಗಿತಕ್ಕೆ ಇನ್ನೂರ ನಲವತ್ತು ಮುಟ್ಟಿತು. ಆ ಕ್ಷಣವೇ ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಅಮ್ಮ ನಕ್ಕಳು. "ಪರವಾಗಿಲ್ಲ, ನನ್ನ ಮಗಳಿಗೂ ಬುದ್ಧಿ ಬಂತು. ದುಡ್ಡು ಕೈಗೆ ಬರಲಿ, ನೀನೇ ಹೋಗಿ ಮಷೀನು ತಗೊಂಡು ಬಾ."

ಹೋದೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಮಷೀನು. ಹದಿನಾಲ್ಕು ಸಾವಿರ ಕೊಟ್ಟು ಆಟೋಗೆ ಏರಿಸುವಾಗ ಒಬ್ಬ ಆಂಟಿ ಓಡಿ ಬಂದರು. "ಮಗಳ ಸೀಮಂತಕ್ಕೆ ತಿಂಡಿ ಮಾಡಬೇಕಮ್ಮ. ಹದಿನೈದು ಕೊಡ್ತೀನಿ, ನಂಗೆ ಬಿಟ್ಟುಕೊಡ್ತೀಯಾ?"

ಕೈಲಿರೋದಕ್ಕೆ ಕೊಂಡದ್ದಕ್ಕಿಂತ ಒಳ್ಳೆ ಬೆಲೆ. ಯಾರನ್ನೂ ಕೇಳಲಿಲ್ಲ.

ಮನೆಗೆ ಬಂದು ಹದಿನೈದು ಸಾವಿರ ಅಮ್ಮನ ಮುಂದಿಟ್ಟೆ. "ಅಮ್ಮ, ಹತ್ತೇ ನಿಮಿಷಕ್ಕೆ ಒಂದು ಸಾವಿರ ಲಾಭ."

ಅಮ್ಮ ಬಾಗಿಲ ಕಡೆ ನೋಡಿದಳು. ಆಟೋ ಇರಲಿಲ್ಲ. ನನ್ನನ್ನು ನೋಡಿದಳು. ಎದ್ದು, ಮಣಿಕಟ್ಟು ಹಿಡಿದುಕೊಂಡು, ಹಿಟ್ಟಿನ ಪಾತ್ರೆ ನನ್ನ ಕಡೆ ಕಾಲಲ್ಲಿ ತಳ್ಳಿದಳು.

"ಕೂತ್ಕೋ. ಇನ್ಮೇಲೆ ನೀನೇ ಮಷೀನು. ಹಿಟ್ಟು ಕೈಗೆ ಒಂಚೂರೂ ಅಂಟಬಾರದು, ಆ ಹದಕ್ಕೆ ಕಲಸು."

"ಸರಿಯಮ್ಮ" ಅಂದೆ. ಎರಡೂ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕೂತೆ.