ಗೆದ್ದಲು ಓದಿದ ಮೂರು ಪುಸ್ತಕ

ಗೂಡು ಕಟ್ಟಲು ಬಂದ ಗುಬ್ಬಿ, ತನ್ನ ಮರಿಗಳಿಗೆ ಇಲ್ಲಿ ಕಾಳು ಸಿಕ್ಕೀತೇ ಎಂದು ಕೃಷಿ ಕೇಂದ್ರದಲ್ಲಿ ವಿಚಾರಿಸಿತು.

"ಮಳೆ ಎಂದಿನಷ್ಟೇ ಬಿದ್ದಿದೆ" ಎಂದಿತು ಮಳೆಮಾಪಕ.

"ಪಂಪು ಎಂದಿಗಿಂತ ಹೆಚ್ಚು ಓಡಿದೆ" ಎಂದಿತು ಕರೆಂಟಿನ ಮೀಟರು.

ತಕ್ಕಡಿ ಮಾತ್ರ, "ಬೆಳೆಯ ತೂಕ ಇಳಿದಿದೆ. ಕಾರಣ ಹುಡುಕುವುದು ನನ್ನ ಕೆಲಸವಲ್ಲ" ಎಂದಿತು.

ಕಪಾಟಿನೊಳಗಿಂದ ಗೆದ್ದಲು ಕರೆಯಿತು: "ತಾಯಿ, ಇವರು ಒಬ್ಬೊಬ್ಬರೂ ತಮ್ಮ ಲೆಕ್ಕ ಬರೆದಿಡುವ ಮೂರೂ ಪುಸ್ತಕ ತಿಂದವನು ನಾನೊಬ್ಬನೇ. ತಿಂಗಳ ಮಳೆ ಎರಡೇ ದಿನದಲ್ಲಿ ಸುರಿದು ಹರಿದುಹೋಯಿತು. ಆಮೇಲೆ ಬರೀ ಬಿಸಿಲು. ಪಂಪು ಓಡಿ ಓಡಿ ಬಾವಿ ಬತ್ತಿತು, ಕಾಳು ಜೊಳ್ಳಾಯಿತು. ಇಲ್ಲಿ ಮೊಟ್ಟೆ ಇಡಬೇಡ."

"ಇದನ್ನು ಅವರಿಗೂ ಹೇಳಬಾರದೇ?"

"ಹೇಳಿದೆ. ಪುಸ್ತಕ ಹಾಳುಮಾಡುವವನ ಮಾತು ಬೇಡವೆಂದರು."

ಗುಬ್ಬಿ ಬೇರೆ ಊರಿಗೆ ಹಾರಿತು. ಏಕೆ ಹೋಯಿತೆಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಗುಬ್ಬಿಯ ವಿಷಯ ಯಾರ ಪುಸ್ತಕಕ್ಕೂ ಸೇರಿದ್ದಲ್ಲ.